ಯಾರದ್ದೂ ಅಲ್ಲದ ಗೋಡೆ

ಸಂಜೆ ನಾಲ್ಕಕ್ಕೇ ಹಿಡಿದ ಮಳೆ ಬಿಡುವ ಹಾಗೆ ಕಾಣಲಿಲ್ಲ. ಕಲ್ಲಿನ ಅಂಗಡಿಯ ತಗಡಿನ ಮಾಡಿನ ಕೆಳಗೆ ನಾಲ್ವರು ಸಿಕ್ಕಿಕೊಂಡಿದ್ದೆವು: ಲಾರಿ ಡ್ರೈವರು, ರಸ್ತೆ ಇಲಾಖೆಯ ಇಂಜಿನಿಯರಮ್ಮ, ಎಂಬತ್ತರ ಮುದುಕ ಮೇಸ್ತ್ರಿ, ಮತ್ತೆ ಆಡುವುದಕ್ಕಿಂತ ಕೇಳುವುದೇ ಹೆಚ್ಚಾದ ನಾನು. ಪದ್ಯ ಓದುವವರ ಮುಂದೆ ಕೂತು ಬೆಳೆದವನಿಗೆ ಎಲ್ಲಿ ಒಳ್ಳೆಯ ದನಿ ಎದ್ದರೂ ಕಾಲು ತಾನಾಗಿ ಮಡಚಿಕೊಳ್ಳುತ್ತದೆ.

ಇಂಜಿನಿಯರಮ್ಮ ಬಂದದ್ದು ಮೇಸ್ತ್ರಿಯನ್ನೇ ಹುಡುಕಿಕೊಂಡು. ಮೇಲಿನ ರಸ್ತೆಗೂ ಕೆಳಗಿನ ಟೈಲರನ ಮನೆಗೂ ನಡುವಿನ ತಡೆಗೋಡೆಯ ಕಡತದಲ್ಲಿ, ಹೊಣೆ ಯಾರದ್ದು ಎಂಬಲ್ಲಿ ಇಲಾಖೆಯ ಮುದ್ರೆಯೂ ಇಲ್ಲ, ಮನೆಯವರ ಸಹಿಯೂ ಇಲ್ಲ, ನಿಮ್ಮ ಹೆಬ್ಬೆಟ್ಟು ಇದೆಯಲ್ಲ ಅಜ್ಜ, ಇದು ಹೇಗೆ ಎಂದು ಕೇಳಿದಳು. ಮೇಸ್ತ್ರಿ ಒಂದು ಚಪ್ಪಡಿಯ ಮೇಲೆ ಕೂತು ಮೊಣಕಾಲು ನೀವಿಕೊಂಡರು.

“ಕೂತ್ಕೊಳ್ಳಿ ತಾಯಿ, ಇದು ನಿಂತು ಕೇಳೋ ಮಾತಲ್ಲ. ಆಗ ನನಗೆ ಇಪ್ಪತ್ತೆರಡು. ಆ ಗೋಡೆ ಕಟ್ಟಿದ್ದು ನನ್ನ ಗುರುಗಳು, ನನಗೆ ಉಳಿ ಹಿಡಿಯೋದು ಕಲಿಸಿದವರು, ಹಿಡಿತ ತಪ್ಪಿದ್ರೆ ಬೆರಳ ಗಂಟಿಗೆ ಕುಟ್ಟಿದವರೂ ಅವರೇ. ಕಟ್ಟಿ ಮೂರು ವರ್ಷಕ್ಕೆ ಜ್ವರ ಬಂದು ತೀರ್ಕೊಂಡ್ರು. ಹೊತ್ತವರಲ್ಲಿ ನಾನೂ ಒಬ್ಬ... ಎರಡಾಳೆತ್ತರದ ಕಲ್ಲುಗೋಡೆ, ಅದಕ್ಕೂ ಅಡುಗೆಮನೆ ಕಿಟಕಿಗೂ ನಡುವೆ ಒಂದು ಬಟ್ಟೆ ಒಣಗಿಸೋವಷ್ಟು ಜಾಗ. ಮಣ್ಣು ಕುಡಿದ ನೀರು ಹೊರಗೆ ಬರಲಿ ಅಂತ ಗುರುಗಳು ಗೋಡೆಯುದ್ದಕ್ಕೂ ಒಂಬತ್ತು ತೂತು ಬಿಟ್ಟಿದ್ರು. ಕಲ್ಲಿಗೂ ಒಂದು ಮೂಗು ಬೇಕಪ್ಪ ಅನ್ನೋರು.

ಆ ಮೂಗಿಂದ ಮಳೆಗಾಲ ಪೂರ್ತಿ ನೆಗಡಿ! ಟೈಲರಣ್ಣನ ಹೆಂಡತಿ, ನಾನು ಅಕ್ಕ ಅಂತಿದ್ದೆ, ಕೆಸರು ಸಿಡಿದ ಬಿಳಿ ಬಟ್ಟೆ ಎತ್ತಿ ತೋರಿಸಿ, ತಮ್ಮಾ ಇದಕ್ಕೊಂದು ಗತಿ ಕಾಣಿಸೋ ಅಂದ್ಲು. ಗುರುಗಳಿಲ್ಲ, ಕೈಯಲ್ಲಿ ಕರಣೆ ಇದೆ, ಹೊಗಳೋರು ಎದುರಿಗಿದ್ದಾರೆ... ಆ ವಯಸ್ಸು ಏನು ಮಾಡಲ್ಲ ಹೇಳಿ? ಒಂಬತ್ತಕ್ಕೂ ಗಾರೆ ಮೆತ್ತಿ, ಎಲ್ಲಿತ್ತು ಅಂತ ನನಗೇ ಗೊತ್ತಾಗದ ಹಾಗೆ ಒರೆಸಿಬಿಟ್ಟೆ.

ಮರುವರ್ಷ ಗೋಡೆ ಹೊಟ್ಟೆ ಬಿಡ್ತು. ಟೈಲರಣ್ಣ ಇಲಾಖೆಗೆ ಹೋದ, ನಿಮ್ಮ ರಸ್ತೆ ಹೊತ್ತ ಗೋಡೆ ನೀವೇ ನೋಡ್ಕೊಳ್ಳಿ ಅಂದ. ನಿಮ್ಮ ಅಂಗಳದಲ್ಲಿ ನಿಂತ ಗೋಡೆ ನೀವೇ ನೋಡ್ಕೊಳ್ಳಿ ಅಂದ್ರು ಅವರು. ಬರೆದು ಕೊಡಿ ಅಂದ್ರೆ ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ ಬರೆದು ಕೊಟ್ರು. ನಿಮ್ಮೋರೇ ತಾಯಿ, ಬೇಜಾರು ಮಾಡ್ಕೋಬೇಡಿ...”

ಇಂಜಿನಿಯರಮ್ಮ ನಕ್ಕಳು.

“ಅದರಲ್ಲೊಂದು ಸಾಲಿತ್ತು. ಯಾರು ಮೊದಲು ರಿಪೇರಿಗೆ ಕೈ ಹಾಕ್ತಾರೋ ಅವರು ಗೋಡೆ ತಮ್ಮದು ಅಂತ ಒಪ್ಪಿಕೊಂಡ ಹಾಗೆ! ಇನ್ನು ಯಾರು ಮುಟ್ಟುತ್ತಾರೆ? ಮನೆಯವರು ಕೈ ಹಾಕಲಿಲ್ಲ, ಇಲಾಖೆ ಕಣ್ಣೂ ಹಾಕಲಿಲ್ಲ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಗುತ್ತಂತೆ, ಇಲ್ಲಿ ಗೋಡೆ ಬಸುರಾಯ್ತು. ಯಾಕೆ ಅಂತ ಗೊತ್ತಿದ್ದವನು ನಾನೊಬ್ಬನೇ. ನಾನು ಬಾಯಿ ಬಿಡಲಿಲ್ಲ.

ಒಂದು ಮಧ್ಯಾಹ್ನ, ಮೂರು ದಿನದಿಂದ ಹಿಂಗೇ ಮಳೆ, ಹೊಲಿಯೋಕೆ ಕೊಟ್ಟ ಅಂಗಿ ತರೋಕೆ ಹೋದೆ. ಟೈಲರಣ್ಣ ಮಿಷನ್ ತುಳಿತಿದ್ದ, ಅಕ್ಕ ಒಲೆ ಮುಂದೆ, ಅವಳ ಆರು ತಿಂಗಳ ಮಗು ಗೋಡೆ ಕಡೆಯ ಕಿಟಕಿ ಕೆಳಗೆ ನಿದ್ದೆಯಲ್ಲಿ. ಹಿಂದಿನಿಂದ ಯಾರೋ ನರಳೋ ಸದ್ದು... ಭಾರ ಹೊತ್ತವರು ಹಲ್ಲು ಕಚ್ಚಿ ಉಸಿರು ಬಿಡ್ತಾರಲ್ಲ, ಹಾಗೆ. ಯಾರಕ್ಕ ಅಂದೆ. ಮಳೆ ಕಣೋ ಅಂದ್ಲು. ಮಳೆ ನರಳುತ್ತಾ?

ಹೋಗಿ ನೋಡಿದೆ. ಗೋಡೆಯ ಹೊಟ್ಟೆಗೆ ಬೆನ್ನು ಕೊಟ್ಟು, ಮೊಣಕಾಲು ಬಗ್ಗಿಸಿ, ಹಿಮ್ಮಡಿ ಕೆಸರಲ್ಲಿ ಹೂತು, ನಾನೇ ಹೆಗಲು ಕೊಟ್ಟು ಕಳಿಸಿದ ನನ್ನ ಗುರುಗಳು ನಿಂತಿದ್ರು... ಮೈ ಮೇಲೆ ಮಳೆ ಬೀಳ್ತಿತ್ತು, ಮೈ ಒದ್ದೆ ಆಗ್ತಿರಲಿಲ್ಲ. ಬೈಲಿಲ್ಲ ತಾಯಿ, ಬೈದಿದ್ರೆ ಓಡಿಹೋಗ್ತಿದ್ದೆ. ಬಹಳ ದಣಿದಿದ್ರು. ‘ಯಾರದ್ದೂ ಅಲ್ಲದ ಗೋಡೇನ ಎಷ್ಟು ದಿನ ಹೊರಲೋ? ಯಾರದ್ದಾದ್ರೂ ಮಾಡು’ ಅಂದ್ರು.

‘ನಂದು’ ಅಂದೆ.

ಮಗು ಎತ್ಕೊಂಡು ಬೀದಿಗೆ ಓಡಕ್ಕ ಅಂತ ಕೂಗಿ ಹೆಗಲ ಚೀಲದಿಂದ ಉಳಿ ಸುತ್ತಿಗೆ ತಗೊಂಡೆ. ಟೈಲರಣ್ಣ ಅಡ್ಡ ಬಂದ. ‘ಮುಟ್ಟಬೇಡ ಮಾರಾಯ, ಆಮೇಲೆ ನಮ್ಮ ತಲೆಗೆ ಬರುತ್ತೆ.’

‘ಈಗ ನಿನ್ನ ತಲೆಗೆ ಬರೋದು ಕಾಗದ ಅಲ್ಲಣ್ಣ, ಕಲ್ಲು.’

ತೂತು ಹುಡುಕೋ ಕಷ್ಟ ಇರಲಿಲ್ಲ, ಗುರುಗಳ ಕಣ್ಣು ಎತ್ತ ಹೋಗುತ್ತೋ ಅತ್ತ ಉಳಿ ಇಟ್ಟೆ. ಮೊದಲನೇದು ಬಿಡಿಸಿದಾಗ ಕೆಂಪು ನೀರು ಎದೆಗೆ ಗುದ್ದಿ ನನ್ನ ಬೀಳಿಸ್ತು, ಎದ್ದು ಎರಡನೇದು, ಮೂರನೇದು, ಕೈ ಕಿತ್ತು ರಕ್ತ ಬಂದು ಅದೂ ನೀರಿನ ಜೊತೆ ಹೋಯ್ತು... ಒಂಬತ್ತನೇದು ಬಿಟ್ಟುಕೊಂಡಾಗ ಗೋಡೆ ಒಂದು ಸಲ ‘ಉಸ್’ ಅಂತು. ಅಷ್ಟೇ. ನಿಂತುಬಿಡ್ತು. ತಿರುಗಿದ್ರೆ ಗುರುಗಳಿಲ್ಲ. ಸುರಿಯೋ ಮಳೆಯಲ್ಲಿ ಗೋಡೆ ಮೇಲೆ ಒಂದು ಬೆನ್ನಿನಗಲ ಒಣ ಜಾಗ.

ಮಾರನೇ ದಿನ ಇಲಾಖೆಯವರು ಬಂದ್ರು, ಯಾರು ಮುಟ್ಟಿದ್ದು ಅಂದ್ರು. ತೂತು ಮುಚ್ಚಿದ್ದೂ ನಾನೇ, ಬಿಚ್ಚಿದ್ದೂ ನಾನೇ, ಇನ್ನು ನೋಡ್ಕೊಳ್ಳೋದೂ ನಾನೇ ಅಂತ ಹೆಬ್ಬೆಟ್ಟು ಒತ್ತಿದೆ. ಎರಡೂ ಕಡೆಯವರ ಮುಖ ನೋಡಬೇಕಿತ್ತು, ಮದುವೆಮನೆಯ ಹಾಗಿತ್ತು! ನನಗೂ ಅಷ್ಟೇ, ಒಂದು ವರ್ಷದಿಂದ ಎದೆ ಮೇಲಿದ್ದ ಚಪ್ಪಡಿ ಇಳೀತು. ಅಕ್ಕ ಒಂದು ತಟ್ಟೆ ಅನ್ನ ಬಡಿಸಿದ್ಲು, ಅಂಥ ಊಟ ಮತ್ತೆ ಮಾಡಿಲ್ಲ. ಆ ಮಗು ಈಗ ಮೊಮ್ಮಕ್ಕಳನ್ನ ಎತ್ತಿ ಆಡಿಸ್ತಿದೆ.”

ಡ್ರೈವರು ಬಿಗಿಹಿಡಿದ ಉಸಿರು ಬಿಟ್ಟ. ನಾನು ಮನಸ್ಸಿನಲ್ಲೇ ಕೈ ಮುಗಿದೆ. ಇಂಜಿನಿಯರಮ್ಮ ಕಡತ ಬಿಚ್ಚಿ, ಇಷ್ಟು ವರ್ಷ ಹೊತ್ತದ್ದು ಸಾಕು ಅಜ್ಜ, ಇಲಾಖೆಯೇ ವಹಿಸಿಕೊಳ್ಳುತ್ತದೆ, ಹೆಸರು ತೆಗೆಯಲೇ ಎಂದಳು. ಮೇಸ್ತ್ರಿ ನಕ್ಕು ತಲೆಯಾಡಿಸಿದರು.

“ಬೇಡ ತಾಯಿ, ಹಾಗೇ ಇರಲಿ, ನಾನು ಹೋದ ಮೇಲೂ. ಐವತ್ತೆಂಟು ವರ್ಷ, ಪ್ರತಿ ಮಳೆಗೂ ಆ ಒಣ ಜಾಗ ಅಲ್ಲೇ, ಒಂದಿಂಚೂ ಅಲುಗಿದ್ದಿಲ್ಲ. ಇವತ್ತು ಬೆಳಿಗ್ಗೆ ಒಂದು ಮಳೆ ಬಂತಲ್ಲ, ಆಗ ಹೋಗಿ ನೋಡಿದೆ... ಸ್ವಲ್ಪ ಪಕ್ಕಕ್ಕೆ ಸರಿದಿದೆ. ಇನ್ನೊಬ್ಬರು ನಿಲ್ಲೋವಷ್ಟು.”