ಗೇಟಿನ ಬೆಲ್ಲು

ಕೊಡಿಗೇಹಳ್ಳಿಯ ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಬಲ್ಬಿಗಾಗಿ ಕಾದು ನಿಂತಿದ್ದ ಇಂದುವಿನ ಕಿವಿಗೆ ಪಕ್ಕದವರ ಮಾತು ಬಿತ್ತು. ಹೊಸ ಸ್ವಿಚ್ಚು ಹಿಡಿದ ಹೆಂಗಸೊಬ್ಬಳು ಎಲೆಕ್ಟ್ರಿಷಿಯನ್ನಿಗೆ ಹೇಳುತ್ತಿದ್ದಳು.

"ಗೇಟಿನ ಬೆಲ್ ಸ್ವಿಚ್ಚು ಕೆಟ್ಟದೆ ಮೊಯಿನು, ಬದಲಾಯಿಸ್ಕೊಡು. ಮಳೆನೀರು ನುಗ್ಗಿ ತಾನಾಗೇ ಬಡ್ಕೊಳ್ತದೆ."

"ಈಗ್ಲೂನಾ ಪಟಾಲಮ್ಮ?"

"ಈಗಿಲ್ಲ. ತಂಗಿ ತೀರ್ಕೊಂಡ ದಿನ. ಮಳೆ ಸುರೀತಿತ್ತು, ಇದು ನಿಲ್ತಾನೇ ಇರ್ಲಿಲ್ಲ. ತಲೆ ಕೆಟ್ಟು ಬೆಲ್ಲು ಆಫ್ ಮಾಡ್ಬಿಟ್ಟೆ. ಸಾರು ಇಳಿಸಿ ರೂಮಿಗೆ ಓದ್ರೆ, ಅವ್ಳಿಗೆ ಉಸಿರಿರ್ಲಿಲ್ಲ."

"ಅದು ಗೇಟಿನದಲ್ಲಮ್ಮ. ನಿಮ್ಮನ್ನ ಕರೆಯೋಕೆ ಅಂತ ನಿಮ್ಮ ತಂಗಿ ಮಂಚದಿಂದ ಅದೇ ಬೆಲ್ಲಿಗೆ ಸ್ವಿಚ್ಚು ಕೊಟ್ಟೆನಲ್ಲ, ಆಗ್ಲೇ ಗೇಟಿನ ವೈರು ಬಿಚ್ಚಾಕಿದ್ದೆ. ಮಳೇಲಿ ಸುಮ್ಸುಮ್ನೆ ಹೊಡ್ಕೊಂಡ್ರೆ ಯಾವ್ದು ಅಂತ ನಿಮ್ಗೆ ಗೊತ್ತಾಗಲ್ಲ ಅಂತ. ಬರೋರೆಲ್ಲ ಹೆಂಗೂ ಗೇಟಲ್ಲಿ ನಿಂತು ಕೂಗ್ತಾರಲ್ಲ..."

ಮೊಯಿನುದ್ದೀನ್ ನಾಲಿಗೆ ಕಚ್ಚಿಕೊಂಡ.

"ನಂಗ್ಯಾಕೆ ಏಳ್ಲಿಲ್ಲ?"

"ನೀವು ಮನೇಲಿರ್ಲಿಲ್ಲ. ಅವ್ರಿಗೆ ಹೇಳಿದ್ದೆ."

"ಲಕ್ವ ಒಡೆದ್ಮೇಲೆ ಅವ್ಳಿಗೆ ಮಾತೆಲ್ಲಿತ್ತಪ್ಪಾ?"

ಇಂದು ತಲೆ ತಗ್ಗಿಸಿದಳು. ಪಟಾಲಮ್ಮ ಮೆಟ್ಟಿಲಿಳಿದವಳು ಅಲ್ಲೇ ನಿಂತಳು.

"ಆದ್ರೂ ಬಂದು ಇದ್ನ ಬದಲಾಯಿಸ್ಬಿಡು. ಗೇಟಿಂದೇ ಕೆಟ್ಟಿತ್ತು ಅಂತ ಇರ್ಲಿ."

"ಬರ್ತೀನಮ್ಮ," ಎಂದವನು ಚೀಲ ಎತ್ತಿಕೊಂಡು ಅವಳ ಹಿಂದೆ ನಡೆದ.