ಇಷ್ಟ ಸಾಕೇನ್ರಿ, ಕಾಕಾ?

ಸಭೆಯ ಅಧ್ಯಕ್ಷರೇ, ಮೇಲೆ ಕುರ್ಚಿ ಸಾಲದೆ ಕೆಳಗೆ ಕೂತ ಪಂಚಾಯ್ತಿ ಸದಸ್ಯರೇ, ಇಂದಿನ ಸನ್ಮಾನಿತರಾದ ಗುಡಗೇರಿಯ ಕಂಪ್ಯೂಟರ್ ರಿಪೇರಿಯ ಸಾಧಿಕ್ ಅವರೇ, ಉಪ್ಪಿಟ್ಟಿನ ವಾಸನೆಗೆ ಆಗಲೇ ಹಿಂದೆ ತಿರುಗಿ ನೋಡುತ್ತಿರುವ ನನ್ನ ಪ್ರೀತಿಯ ಸಭಿಕರೇ,

ನವಲಗುಂದದ ಬಸ್ಸಿನಲ್ಲಿ ಕಂಡಕ್ಟರಾಗಿ ತಲೆ ಹಣ್ಣಾದ ಈ ಹೊಳಬಸಪ್ಪನಿಗೆ ಬರುವ ಭಾಷಣ ಎರಡೇ. ಒಂದು ‘ಮುಂದಕ ಸರೀರಿ’, ಇನ್ನೊಂದು ‘ರೈಟ್’. ಆದರೂ ಅಧ್ಯಕ್ಷರು, ‘ನೀವ ಮಾತಾಡಬೇಕ್ರಿ’ ಎಂದು ಹಟ ಹಿಡಿದರು. ಯಾಕೆಂದು ಊರವರಿಗೆ ಗೊತ್ತು. ಪರಊರಿನ ಅತಿಥಿಗಳಿಗಾಗಿ ಹೇಳುತ್ತೇನೆ.

ನಮ್ಮೂರ ನಳಕ್ಕೆ ಕುಡಿಯುವ ನೀರು ವಾರಕ್ಕೊಮ್ಮೆ ಬರುತ್ತದೆ. ಯಾವ ಹೊತ್ತಿಗೆ ಎಂಬುದು ದೇವರಿಗೂ ಗೊತ್ತಿಲ್ಲ, ವಾಟರ್‌ಮನ್ ಗುಡದಪ್ಪನಿಗೂ ಗೊತ್ತಿಲ್ಲ. ಅದಕ್ಕೇ ಪಂಚಾಯ್ತಿಯಲ್ಲಿ ಕೆಲಸಕ್ಕಿದ್ದ ನನ್ನ ಮಗಳು ಮಲ್ಲಿಕಾ ಅಲ್ಲಿನ ಕಂಪ್ಯೂಟರಿನಲ್ಲಿ ನಾಲ್ಕು ಮಾತು ರೆಕಾರ್ಡ್ ಮಾಡಿಟ್ಟಳು. ನೀರು ಬಂದಾಗ ಗುಡದಪ್ಪ ಒಂದು ಗುಂಡಿ ಒತ್ತಿದರೆ ಸಾಕು, ಮೈಕಿನಲ್ಲಿ ಊರಿಗೆಲ್ಲ ಕೇಳುತ್ತಿತ್ತು: ‘ನಳಕ್ಕ ನೀರ ಬಿಟ್ಟೇವಿ. ಕೊಡಾ ತೊಗೊಂಡು ಬರ್ರಿ. ಜಗಳಾ ಮನ್ಯಾಗ ಇಟ್ಟು ಬರ್ರಿ.’

ಆಮೇಲೆ ಅವಳು ಪಕ್ಕದಲ್ಲಿ ನಿಂತಿದ್ದ ಗುಡದಪ್ಪನನ್ನು ಕೇಳಿದ್ದೂ ಅದರೊಳಗೇ ಸೇರಿಬಿಟ್ಟಿದೆ: ‘ಇಷ್ಟ ಸಾಕೇನ್ರಿ, ಕಾಕಾ?’ ಅಷ್ಟನ್ನು ಕತ್ತರಿಸಿ ತೆಗೆಯಲು ಯಾರಿಗೂ ಬರಲಿಲ್ಲ. ಗಂಟಲು ಅಪ್ಪನದು ನೋಡಿ, ಹಿಂದಿನ ಸೀಟಿನವರಿಗೂ ಕೇಳುವಂಥದ್ದು.

ಎರಡು ವರ್ಷದ ಹಿಂದೆ ಮಲ್ಲಿಕಾ ಜ್ವರದಲ್ಲಿ ಹೋದಳು. ದನಿ ಮಾತ್ರ ಡ್ಯೂಟಿಗೆ ಬರುತ್ತಲೇ ಇತ್ತು. ರಜೆ ಕೇಳಲಿಲ್ಲ, ಸಂಬಳ ಕೇಳಲಿಲ್ಲ, ಬಡ್ತಿ ಕೇಳಲಿಲ್ಲ. ಇಂಥ ನೌಕರಳನ್ನು ಯಾವ ಸರಕಾರ ಕಂಡಿದೆ, ಸಭಿಕರೇ? ಅವಳು ‘ಸಾಕೇನ್ರಿ’ ಎಂದಾಗಲೆಲ್ಲ ಗುಡದಪ್ಪ ಕಂಪ್ಯೂಟರಿಗೆ ‘ಸಾಕವ್ವಾ’ ಎನ್ನುತ್ತಿದ್ದ. ನಮ್ಮ ಮನೆಯಲ್ಲಿ ನನ್ನ ಹೆಂಡತಿ ಸಣ್ಣವ್ವ, ‘ಬಂದ್ನೆವಾ, ಬಂದೆ’ ಎಂದು ಕೊಡ ಎತ್ತುತ್ತಿದ್ದಳು. ನಾನು? ನಾನು ಆ ಹೊತ್ತಿಗೆ ಸೈಕಲ್ಲಿಗೆ ಗಾಳಿ ಹೊಡೆಯುತ್ತಿದ್ದೆ. ಆ ಸೈಕಲ್ಲಿಗೆ ಎಷ್ಟು ಗಾಳಿ ಬೇಕಾಗುತ್ತಿತ್ತೋ ಕಾಣೆ.

ಹೀಗಿರಲು ಅಪ್‌ಡೇಟ್ ಬಂತು. ಅಪ್‌ಡೇಟ್ ಎಂದರೇನು? ಕರೆಯದೆ ಬಂದು, ಅಡುಗೆಮನೆಯ ಡಬ್ಬಿಗಳನ್ನೆಲ್ಲ ಜಾಗ ಬದಲಿಸಿ, ‘ಈಗ ಛಲೋ ಆತ ನೋಡ್ರಿ’ ಎಂದು ಹೋಗುವ ಬೀಗರು. ಕಂಪ್ಯೂಟರು ಒಂದು ಮುಂಜಾನೆ ತಾನಾಗಿಯೇ ನೀಲಿಯಾಯಿತು, ತಿರುಗಿತು, ಎದ್ದಿತು. ಬಣ್ಣ ಬದಲಾಗಿತ್ತು. ದನಿ ಹೋಗಿತ್ತು.

ನಾವೇನು ಸುಮ್ಮನೆ ಕೂತೆವೇ? ಒಬ್ಬರು ದೂಳು ಊದಿದರು. ಒಬ್ಬರು ಕಂಬ ಹತ್ತಿ ಮೈಕು ತಿರುವಿದರು. ಒಬ್ಬರು ಊದಿನಕಡ್ಡಿ ಹಚ್ಚಿದರು. ಆ ವಾರ ನೀರು ಬಂದದ್ದೇ ಯಾರಿಗೂ ತಿಳಿಯದೆ ಹರಿದು ಗಟಾರ ಸೇರಿತು. ಸಣ್ಣವ್ವ ದಿನಾ ಪಂಚಾಯ್ತಿಗೆ ಹೋಗಿ, ‘ಹುಡುಗಿಗೆ ಗಂಟಲಾ ಕಟ್ಟೇತೇನ?’ ಎಂದು ಕೇಳಿ ಬರುತ್ತಿದ್ದಳು.

ಕೊನೆಗೆ ಸಾಧಿಕ್ ಬಂದರು. ನೋಡಿ, ‘ಹೊಸಾದು ಕೂತು ದನೀದ ಹಳೇ ಜೋಡಣಿ ಕೆಡಿಸೇತಿ ಕಾಕಾ. ಹೊಸಾದನ್ನ ತಗದು ಹಿಂದಕ ಹೋಗೂಣು. ಹತ್ತ ದಿನದೊಳಗ ಇದ್ರ ಹೋಗಾಕ ಬರ್ತೈತಿ’ ಎಂದರು. ಹತ್ತು ದಿನ ಹಿಂದಕ್ಕೆ ಹೋಗುವ ಸೌಲಭ್ಯವೊಂದು ಈ ಲೋಕದಲ್ಲಿದೆಯೆಂದು ನನಗೆ ಅವತ್ತೇ ತಿಳಿದದ್ದು. ಮೊದಲೇ ತಿಳಿದಿದ್ದರೆ, ಆ ಜ್ವರದ ಸೋಮವಾರ... ಇರಲಿ. ಅದು ಈ ಸಭೆಯ ವಿಷಯವಲ್ಲ.

ರಿಪೇರಿ ಮುಗಿಸಿ, ದನಿ ಬಂತೋ ಇಲ್ಲವೋ ನೋಡಲು ಸಾಧಿಕ್ ಗುಂಡಿ ಒತ್ತಿದರು. ಮೈಕು ಚಾಲೂ ಇದ್ದದ್ದು ಪಾಪ ಅವರಿಗೆ ಹೇಗೆ ಗೊತ್ತಾಗಬೇಕು? ಸುಡುವ ಮಧ್ಯಾಹ್ನ ಇಡೀ ಊರು ಕೊಡ ಹಿಡಿದು ನಳದ ಮುಂದೆ ಬಂದು ನಿಂತಿತು. ನಳದಲ್ಲಿ ಗಾಳಿ ಕೂಡ ಇರಲಿಲ್ಲ. ಬೇರೆ ದಿನವಾಗಿದ್ದರೆ ಗುಡದಪ್ಪನ ಮೂರು ತಲೆಮಾರಿಗೆ ಬೈಗುಳ ಬೀಳುತ್ತಿತ್ತು. ಅವತ್ತು ಒಬ್ಬರೂ ಬೈಯಲಿಲ್ಲ. ಜಗಳವನ್ನು ನಿಜವಾಗಿಯೂ ಮನೆಯಲ್ಲಿಟ್ಟು ಬಂದದ್ದು ಅದೊಂದು ದಿನ.

ಆಮೇಲೆ ಎಲ್ಲರೂ ಮನೆಗೆ ಹೋದರು. ಸಣ್ಣವ್ವ ಹೋಗಲಿಲ್ಲ. ‘ನೀರ ಬಿಟ್ಟೇವಿ ಅಂದಾಳ. ನನ್ನ ಮಗಳು ಸುಳ್ಳ ಹೇಳಾಕಿ ಅಲ್ಲ’ ಎಂದು ಹೊತ್ತು ಮುಳುಗುವವರೆಗೂ ಒಣ ನಳದ ಕೆಳಗೆ ಕೊಡ ಇಟ್ಟು ನಿಂತಳು. ನಾನೂ ನಿಂತೆ. ಮರುದಿನ ರೊಟ್ಟಿ ಬಡಿಯುತ್ತ ತಾನೇ ಅಂದಳು, ‘ಆಕಿನ ಎಷ್ಟಂತ ಒದರಸ್ತೀರಿ? ದಣದಾಳ. ಸಾಕ ಮಾಡಸ್ರಿ.’

ಆದ್ದರಿಂದ ಸಭಿಕರೇ, ನೀವು ಸನ್ಮಾನವೆಂದು ಬಂದಿದ್ದೀರಿ. ಇದು ಬೀಳ್ಕೊಡುಗೆಯೂ ಹೌದು. ಬರುವ ವಾರದಿಂದ ನೀರಿನ ಸುದ್ದಿಯನ್ನು ಹೊಸದಾಗಿ ಕೆಲಸಕ್ಕೆ ಬಂದ ತಹಸೀನ್ ಹೇಳುತ್ತಾಳೆ. ಅವಳನ್ನೂ ಇಷ್ಟೇ ನಂಬಿರಿ. ಮಲ್ಲಿಕಾಳ ದನಿಯನ್ನು ಸಾಧಿಕ್ ಒಂದು ಪೆನ್‌ಡ್ರೈವಿಗೆ ಇಳಿಸಿ ಕೊಟ್ಟಿದ್ದಾರೆ. ಅದು ಸಣ್ಣವ್ವನ ಸೆರಗಿನ ಗಂಟಿನಲ್ಲಿದೆ.

ಈಗ ಕಡೆಯ ಸಲ ಆ ದನಿಯನ್ನು ಮೈಕಿನಲ್ಲಿ ಹಾಕಿಸುತ್ತೇನೆ. ಯಾರೂ ಕೊಡಕ್ಕೆ ಓಡಬೇಡಿ, ಇವತ್ತು ನೀರಿಲ್ಲ. ಮುಂದಿನ ಸಾಲಿನಲ್ಲಿ ಒಬ್ಬರು ಆಗಲೇ ಕೊಡ ತಂದು ಕೂತಿದ್ದಾರೆ. ಅವರನ್ನು ಏನೂ ಅನ್ನಬೇಡಿ. ಕೊನೆಗೆ ಮಲ್ಲಿಕಾ ‘ಸಾಕೇನ್ರಿ’ ಎಂದು ಕೇಳುತ್ತಾಳಲ್ಲ, ಅದಕ್ಕೆ ಗುಡದಪ್ಪ, ಇವತ್ತೊಂದು ದಿನ ನೀನು ಸುಮ್ಮನಿರಪ್ಪಾ. ಉತ್ತರ ನಾನು ಹೇಳುತ್ತೇನೆ. ಎರಡು ವರ್ಷ ಗಾಳಿ ಹೊಡೆದದ್ದು ಸಾಕು.

ಸಾಧಿಕ್ ಅವರಿಗೂ, ಇಷ್ಟು ಹೊತ್ತು ಉಪ್ಪಿಟ್ಟು ಮರೆತು ಕೂತ ನಿಮಗೂ ಕೈಮುಗಿಯುತ್ತೇನೆ. ನಮಸ್ಕಾರ.

ಸಾಧಿಕ್, ರೈಟ್.