ಬಲಗಡೆಯ ಸೀಟು

...ಏನೂ ಆಗಿಲ್ಲ ಕಣೇ ಆ ಹುಡುಗಿಗೆ! ನೋಡಿದೆಯಲ್ಲ... ಎದ್ದಳು, ಮೈ ಕೊಡವಿಕೊಂಡಳು, ಸೈಕಲ್ಲಿನ ಹ್ಯಾಂಡಲ್ ನೆಟ್ಟಗೆ ಮಾಡ್ಕೊಂಡಳು, ಹೋದಳು. ಮೊಣಕೈ ಒಂಚೂರು ತರಚಿತ್ತು, ಅಷ್ಟೇ. ನೀನೇ ಕರ್ಚೀಫ್ ಕಟ್ಟಿ ಕಳಿಸಿದೆ. ಥ್ಯಾಂಕ್ಸ್ ಬೇರೆ ಅಂದಳು... ನಿನಗೆ. ನನ್ನನ್ನ ನೋಡಿದ ನೋಟಾನೇ ಬೇರೆ. ಹೋಗ್ಲಿ ಬಿಡು. ಬೆಲ್ಟ್ ಹಾಕ್ಕೋ, ಹೊರಡೋಣ.

ಹಾಕ್ಕೊಂಡ್ಯಾ? ಟಕ್ ಅನ್ನೋ ಸದ್ದೇ ಕೇಳಿಸಲಿಲ್ಲ.

ಹಾಕ್ಕೊಳ್ಳೇ... ಗಂಟೆ ಎರಡು ಹತ್ತಾಯ್ತು. ಮೂರಕ್ಕೆ ನಮ್ಮ ಮಗಳು ಕಪ್ಪು ಗೌನ್ ಹಾಕ್ಕೊಂಡು ವೇದಿಕೆ ಹತ್ತುತ್ತಾಳೆ. ನರ್ಸಿಂಗ್ ಪದವಿ! ಇಡೀ ಕ್ಲಾಸಿಗೇ ಎರಡನೇ ಸ್ಥಾನ! ಅಪ್ಪ ಅಮ್ಮನಿಗೆ ಅಂತ ಮುಂದಿನ ಸಾಲಲ್ಲಿ ಎರಡು ಕುರ್ಚಿ ಹಿಡಿದಿಟ್ಟಿದಾಳೆ. ಅಷ್ಟು ದೂರದಿಂದ ವಿಮಾನ ಹತ್ತಿ ಬಂದಿದ್ದು ಹೀಗೆ ರಸ್ತೆ ಪಕ್ಕದಲ್ಲಿ ಹುಲ್ಲು ನೋಡ್ತಾ ಕೂರೋಕಾ? ಇಲ್ಲಿಂದ ವಾಪಸು ತಿರುಗಿಸಿದ್ರೆ ಹದಿನೈದೇ ಕಿಲೋಮೀಟರು...

ಹೂಂ, ವಾಪಸು. ದಾಟಿ ಬಂದ್ಬಿಟ್ಟಿದೀವಿ. ಗೊತ್ತು ನನಗೂ.

ಎಲ್ಲಾ ಈ ಜಿಪಿಎಸ್ ಕಿತಾಪತಿ! ಬಲಕ್ಕೆ ತಿರುಗಿ, ಬಲಕ್ಕೆ ತಿರುಗಿ... ಎಲ್ಲಿದೆ ಬಲಕ್ಕೆ ದಾರಿ? ಆ ದೊಡ್ಡ ಸರ್ಕಲ್ಲಲ್ಲಿ ಗಾಣದೆತ್ತಿನ ಥರ ನಾಲ್ಕು ಸುತ್ತು ಹಾಕಿಸಿತು. ನಾಲ್ಕು! ಹಿಂದಿನ ಲಾರಿಯವನು ಹಾರ್ನ್ ಹೊಡೆದೂ ಹೊಡೆದೂ ಸುಸ್ತಾದ. ಇದು ಸಾಲದು ಅಂತ ಆ ಹೆಂಗಸಿನ ದನಿ ಬೇರೆ... "ದಾರಿ ತಪ್ಪಿದೆ, ದಾರಿ ತಪ್ಪಿದೆ" ಅಂತ. ತಲೆ ಕೆಟ್ಟು ಬಾಯಿ ಮುಚ್ಚಿಸಿದೆ. ತಪ್ಪಾ? ಮನೇಲಿ ನೀನು ಹೇಳೋದು ಸಾಲದು ಅಂತ ಇಲ್ಲಿ ಅವಳೊಬ್ಬಳು ಬೇರೆ!

ನಗೂ ಬರಲ್ವಾ ನಿನಗೆ? ಅದೇನು, ಮೂಗು ಎಳೆದಿದ್ದು? ಅಳ್ತಿದೀಯಾ?

ಗೊತ್ತು, ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಅದೇ ತಾನೇ ನಿನ್ನ ಮನಸ್ಸಲ್ಲಿ? ಲೇ... ಇಪ್ಪತ್ತೆಂಟು ವರ್ಷ ಡ್ರೈವಿಂಗ್ ಸ್ಕೂಲ್ ನಡೆಸಿದೀನಿ. ಬ್ರೇಕ್ ಮೇಷ್ಟ್ರು ಅಂತಾರೆ ನನ್ನನ್ನ. ಕಲಿಯೋರ ಪಕ್ಕ ಕೂತು, ಅವರು ತಪ್ಪು ಮಾಡೋಕೆ ಮುಂಚೇನೇ ನನ್ನ ಕಾಲಡಿಯ ಬ್ರೇಕ್ ಒತ್ತಿರ್ತಿದ್ದೆ. ಒಂದು ಕೋಳಿಮರೀನೂ ಸತ್ತಿಲ್ಲ ನನ್ನ ಗಾಡಿಗೆ! ಅಂಥವನು ಮಗಳ ಪದವಿಗೆ ಬಸ್ಸಲ್ಲಿ ಜೋತಾಡ್ಕೊಂಡು ಹೋಗ್ಬೇಕಾ? ಅವಳೂ ಹೇಳಿದಳು, ಬಸ್ಸಿದೆ ಅಪ್ಪ, ಮನೆ ಮುಂದೇನೇ ನಿಲ್ಲುತ್ತೆ ಅಂತ. ನೀನೂ ಬೆಳಿಗ್ಗೆ ತಾಳ ಹಾಕಿದೆ. ನಾನೇ ಬೇಡ ಅಂದೆ. ಬಾಡಿಗೆ ಕಾರ್ ತಗೊಂಡಿದ್ದು ನಾನೇ. ಒಪ್ಕೋತೀನಿ. ಸಾಕಾ?

ಆ ಕನ್ನಡಿ ವಿಷಯಾನಾ? ಪೆಟ್ರೋಲ್ ಬಂಕಲ್ಲಿ ಕಂಬ ಅಷ್ಟು ಹತ್ತಿರ ನೆಟ್ಟಿದ್ರೆ ನಾನೇನು ಮಾಡ್ಲಿ? ಬಲಗಡೆ ಕನ್ನಡಿ ತಾನೇ... ಬರೀ ಗಾಜು ಒಡೆದಿದ್ದು.

ಇಲ್ಲಿ ಎಲ್ಲಾ ಉಲ್ಟಾ ಕಣೇ. ನಮ್ಮಲ್ಲಿ ನಾನು ಬಲಕ್ಕೆ, ನೀನು ಎಡಕ್ಕೆ. ಇಷ್ಟು ವರ್ಷ ನೀನು ನನ್ನ ಎಡಗಡೆ ಕೂತು ಕಡಲೆಬೀಜ ಸುಲಿದು ಕೊಡ್ತಿದ್ದೆ. ಇಲ್ಲಿ ಅದಲು ಬದಲು. ಯಾರಿಗಾದ್ರೂ ಗೊಂದಲ ಆಗುತ್ತಪ್ಪ. ಆ ಹುಡುಗಿ ಬೇರೆ ಬಲಗಡೆಯಿಂದ ದಿಢೀರ್ ಅಂತ...

ದಿಢೀರ್ ಅಂತ ಅಲ್ವಾ? ಏನು ಹಾಗೆ ಉಸಿರು ಬಿಟ್ಟೆ?

ಸರಿ. ಮೊದಲಿಂದಾನೂ ರಸ್ತೆ ಪಕ್ಕದಲ್ಲೇ ಹೋಗ್ತಿದ್ದಳು, ಕೆಂಪು ಕೋಟು ಹಾಕ್ಕೊಂಡಿದ್ದಳು. ಅರ್ಧ ಮೈಲಿಯಿಂದ ಕಾಣ್ತಿದ್ದಳು ಅಂತೀಯ. ಇರಬಹುದು. ಆದ್ರೆ ಟೈಮಿಗೆ ಬ್ರೇಕ್ ಹಾಕಿದೆನಲ್ಲ! ಅಡಿ ದೂರದಲ್ಲಿ ನಿಲ್ಲಿಸಿದೆನಲ್ಲ! ಗಾಬರಿಗೆ ಅವಳೇ ಬಿದ್ದಳು.

...ಹ್ಯಾಂಡ್ ಬ್ರೇಕ್ ನೀನು ಎಳೆದಿದ್ದು. ಹೌದು. ನೀನೇ. ನನ್ನ ಕಾಲು ಇನ್ನೂ ಆಕ್ಸಿಲರೇಟರ್ ಮೇಲಿತ್ತು.

ಸಾಕು, ಈ ಮಾತು ಇಲ್ಲಿಗೆ ಬಿಡು. ಬಾಯಿ ಒಣಗಿದೆ, ಒಂಚೂರು ನೀರು ಕೊಡು. ಇನ್ಮೇಲೆ ನಿಧಾನಕ್ಕೆ ಹೋಗ್ತೀನಿ. ನಿನ್ನಾಣೆ. ಆ ಜಿಪಿಎಸ್ ಹೆಂಗಸಿನ ಬಾಯೂ ಬಿಡಿಸ್ತೀನಿ, ಮಾತಾಡ್ಲಿ.

ನೀರು ಕೊಡೇ.

ಕಣ್ಣಿಗೆ ಹನಿ ಹಾಕ್ಕೊಂಡ್ರಾ ಅಂತ ಬೆಳಿಗ್ಗೆ ಕೇಳಿದೆಯಲ್ಲ, ಹಾಕ್ಕೊಂಡಿದೀನಿ. ಡಾಕ್ಟ್ರು ಏನಂದ್ರು ಅಂತ ಕೇಳಿ ಅದಕ್ಕೂ ಇದಕ್ಕೂ ಗಂಟು ಹಾಕ್ಬೇಡ. ಬರೀ ಪೊರೆ. ವಯಸ್ಸಾದ ಮೇಲೆ ಯಾರಿಗಿರಲ್ಲ? ಅದೇನು ದೊಡ್ಡದಲ್ಲ... ನೀರು ಕೊಡು ಅಂದೆ. ಇಷ್ಟೊಂದು ಹಟಾನಾ? ಬಾಯಾರಿದೆ ಅಂದ್ರೆ ಹಗೆಯವನಿಗೂ ಒಂದು ಲೋಟ ಕೊಡ್ತಾರೆ. ಮೂವತ್ತೊಂದು ವರ್ಷದ ಗಂಡ ಕೇಳಿದ್ರೆ...

ಏನು, ಬಾಟಲಿ ಹಿಂದಿನ ಸೀಟಲ್ಲಿದೆಯಾ? ನಾನೇ ತಗೋ... ತಗೋತೀನಿ... ಇರು...

ಓ.

ಯಾವಾಗಿಂದ ಹಿಡ್ಕೊಂಡಿದೀಯ?

ಮುಚ್ಚಳಾನೂ ತೆಗೆದಿದೀಯ. ನನ್ನ ಬಲಗೆನ್ನೆ ಹತ್ರಾನೇ... ನಾನು ಮೊದಲನೇ ಸಲ ಕೇಳಿದಾಗಲೇ ಹಿಡಿದಿದ್ಯಾ?

ಮಾತಾಡು. ಬೈಯಿ. ಕೆನ್ನೆಗೆ ಒಂದು ಹೊಡಿ ಬೇಕಾದ್ರೆ.

ಪೊರೆ ಅಲ್ಲ. ಬಲಗಣ್ಣಿನ ನರಾನೇ ಹೋಗಿದೆ ಅಂದ್ರು. ವಾಪಸು ಬರಲ್ಲ ಅಂದ್ರು. ಎಡಗಣ್ಣೂ ಹುಷಾರು, ಸ್ಟೀರಿಂಗ್ ಮುಟ್ಟಬೇಡಿ ಅಂದ್ರು... ಹತ್ತು ತಿಂಗಳಾಯ್ತು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ, ಯಾರಿಗೂ ಗೊತ್ತಾಗಲ್ಲ ಅಂದ್ಕೊಂಡೆ. ಹತ್ತು ತಿಂಗಳು ಕಲಿಸಿದೀನಿ ಕಣೇ. ಅಲ್ಲಿ ಕಲಿಯೋರು ನನ್ನ ಬಲಗಡೆನೇ ಕೂರೋದು. ಎಷ್ಟು ಜನರ ಮಕ್ಕಳು... ಸ್ಟೀರಿಂಗ್ ಮೇಲೆ ಅವರ ಕೈ ಎಲ್ಲಿದೆ ಅನ್ನೋದೂ ಕಾಣದೆ, ಸದ್ದು ಕೇಳ್ಕೊಂಡೇ "ಭೇಷ್, ಚೆನ್ನಾಗಿ ಓಡಿಸ್ತೀಯ" ಅಂತಿದ್ದೆ. ಮಗಳ ಮುಂದೆ ಒಂದೇ ಒಂದು ಸಲ ಮೇಷ್ಟ್ರ ಹಾಗೆ ಕಾರಲ್ಲಿ ಬಂದು ಇಳಿದುಬಿಡೋಣ, ಆಮೇಲೆ ಹೇಳೋಣ ಅಂತಿದ್ದೆ. ಆ ಸೈಕಲ್ ಹುಡುಗಿಗೂ ನಮ್ಮ ಮಗಳ ವಯಸ್ಸೇ ಅಲ್ವಾ...

ತಗೋ. ಕೀ ನಿನ್ನ ಹತ್ರಾನೇ ಇರ್ಲಿ. ಕಾರಿನೋರಿಗೆ ಫೋನ್ ಮಾಡಿದ್ರೆ ಬಂದು ತಗೊಂಡು ಹೋಗ್ತಾರೆ.

ರಸ್ತೆ ಆಚೆ ಬಸ್ ಸ್ಟಾಪ್ ಇದೆ ನೋಡು. ಕಾಲೇಜಿನ ಕಡೆಗೇ ಹೋಗೋ ಬಸ್ಸು. ಈಗ ಬಂದ್ರೆ ಅವಳು ವೇದಿಕೆ ಹತ್ತೋದಾದ್ರೂ ಸಿಗುತ್ತೆ. ಇಳಿ, ನಡಿ.

ಇರು, ಒಬ್ಬಳೇ ಹೋಗಬೇಡ. ಈ ಕಡೆ ಬಾ, ನನ್ನ ಬಲಗೈ ಹಿಡ್ಕೋ. ಆ ಕಡೆಯಿಂದ ಗಾಡಿ ಬಂದ್ರೆ ನನಗೆ ಕಾಣಲ್ಲ.